ಕಾಲಿನ ಸದ್ದು ಕೇಳುವ ಕಿವಿಯಕ್ಕ

ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ಕಿವಿಯಕ್ಕ ಜೆಲ್ಲಿನ ಟ್ಯೂಬನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು. ಆಸ್ಪತ್ರೆಯಲ್ಲಿ ಕಾಲಿನ ರಕ್ತನಾಳಗಳನ್ನು ಪರೀಕ್ಷಿಸುವುದು ಅವಳ ಕೆಲಸ. ದಿನವಿಡೀ ಪಾದಗಳಲ್ಲಿ ರಕ್ತ ಹರಿಯುವ ಸದ್ದು ಕೇಳುತ್ತಾಳೆಂದು ಆ ಅಡ್ಡಹೆಸರು. ಇವತ್ತು ಮಂಚದ ಮೇಲೆ ಮಲಗಿದ್ದವನು ಅವಳ ಸ್ವಂತ ಅಣ್ಣ, ಕ್ಷೌರಿಕ.

ಅಣ್ಣನಿಗೆ ಹಳೆಯ ಸಕ್ಕರೆ ಕಾಯಿಲೆ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಈಗ ಹೆಬ್ಬೆರಳ ಉಗುರಿನ ಪಕ್ಕದ ಹುಣ್ಣು ಮಾಯದೆ ಕಪ್ಪಾಗತೊಡಗಿತ್ತು. ರಕ್ತ ತಲುಪದಿದ್ದರೆ ಬೆರಳು ಹೋಗುತ್ತದೆ, ಆಮೇಲೆ ಪಾದವೂ ಹೋಗಬಹುದು ಎಂದಿದ್ದರು ಡಾಕ್ಟರಮ್ಮ.

ಅಳೆಯುವ ಮುನ್ನ ರೋಗಿ ಅಲುಗಾಡದೆ ಮಲಗಿರಬೇಕು. ಪರದೆ ಎಳೆದ ಕೋಣೆಯಲ್ಲಿ ಬೆಳಕು ನೀರು ಬೆರೆಸಿದ ಹಾಲಿನಂತೆ ತೆಳ್ಳಗಾಗುವ ಆ ಹೊತ್ತು ಅವಳಿಗೆ ಇಷ್ಟ.

"ಏನೇ, ಜನರನ್ನ ಮಲಗಿಸೋದಕ್ಕೂ ಸಂಬಳ ಕೊಡ್ತಾರಾ?"

"ಬಾಯಿ ಮುಚ್ಕೊಂಡು ಮಲಗಣ್ಣ. ನಿನ್ನ ಕುರ್ಚೀಲಿ ಗಿರಾಕಿ ಅಲ್ಲಾಡಿದ್ರೆ ಸುಮ್ನೆ ಬಿಡ್ತೀಯಾ?"

ತೋಳಿಗೆ, ಕಣಕಾಲಿಗೆ ಗಾಳಿ ತುಂಬುವ ಪಟ್ಟಿ ಸುತ್ತಿ, ಜೆಲ್ ಹಚ್ಚಿದ ಕಡೆ ಸದ್ದು ಕೇಳಿಸುವ ಯಂತ್ರದ ಕಡ್ಡಿಯಿಟ್ಟು, ರಕ್ತದ ಒತ್ತಡ ಅಳೆದಳು. ಕಣಕಾಲಿನದನ್ನು ತೋಳಿನದರಿಂದ ಭಾಗಿಸಿದರೆ ಒಂದರ ಆಸುಪಾಸು ಬರಬೇಕು. ತೀರಾ ಕಡಿಮೆಯಾದರೆ ನಾಳ ಕಟ್ಟಿದೆ ಎಂದರ್ಥ. ಬಂದದ್ದು ಒಂದು ಪಾಯಿಂಟ್ ಮೂರು. ಅವಳಿಗೆ ಹೋದ ಜೀವ ಬಂದಂತಾಯಿತು.

"ನೋಡಿದ್ಯಾ! ಕುದುರೆ ಕಾಲು ನಂದು," ಎಂದು ಅಣ್ಣ ಬೀಗಿದ.

ಜೆಲ್ ಒರೆಸುವ ಮುನ್ನ, ಬರೀ ಆಸೆಗೆ, ಕಡ್ಡಿಯನ್ನು ಪಾದಕ್ಕಿಟ್ಟು ಇನ್ನೊಮ್ಮೆ ಆ ಸದ್ದು ಕೇಳಿದಳು. ಒಳ್ಳೆಯ ನಾಳದ ಸದ್ದು ಚುರುಕಾಗಿ ನುಗ್ಗಿ, ಹಿಂದೆ ಸರಿದು, ಮತ್ತೆ ಬರುತ್ತದೆ. ಇಲ್ಲಿದ್ದುದು ಒಂದೇ ನಿಧಾನದ ಉಸಿರು, ದೂರದ ಬಯಲಿನ ಗಾಳಿಯಂತೆ. ಆ ಗಾಳಿಯಲ್ಲಿ ಅರೆಕ್ಷಣ ತೇಲಿದಳು: ಚಿಕ್ಕಂದಿನಲ್ಲಿ ಅಣ್ಣನ ಪಾದಗಳ ಮೇಲೆ ತನ್ನ ಪಾದಗಳನ್ನಿಟ್ಟು ಮನೆಯೆಲ್ಲ ನಡೆದಾಡಿದ್ದಳು.

ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗುತ್ತದೆ. ಪಟ್ಟಿ ಹಿಚುಕಿದರೂ ಮಣಿಯದು; ಒತ್ತಡ ಸುಳ್ಳೇ ಹೆಚ್ಚು ಕಾಣುತ್ತದೆ. ಬೇರೆಯವರ ಕಾಲಾಗಿದ್ದರೆ ಅವಳಿಗೆ ಮೊದಲೇ ಹೊಳೆಯುತ್ತಿತ್ತು. ಬೆರಳಿನ ಸಣ್ಣ ನಾಳಗಳು ಹಾಗೆ ಗಡುಸಾಗುವುದು ಕಡಿಮೆ. ಪುಟ್ಟ ಪಟ್ಟಿಯನ್ನು ಹೆಬ್ಬೆರಳ ಬುಡಕ್ಕೆ ಸುತ್ತಿದಳು. ಬೆರಳಿನ ಒತ್ತಡ ಇಪ್ಪತ್ತೆಂಟು. ಮೂವತ್ತಕ್ಕಿಂತ ಕೆಳಗಿದ್ದರೆ ಹುಣ್ಣು ಮಾಯುವ ಭರವಸೆಯಿಲ್ಲ.

"ಅಣ್ಣಾ, ಕುದುರೆ ಕುಂಟ್ತಾ ಇದೆ."

ಅವನು ನಗಲಿಲ್ಲ. ಅವಳ ಜೆಲ್ ಮೆತ್ತಿದ ಕೈ ಹಿಡಿದುಕೊಂಡ.

ಅದೇ ವಾರ ಡಾಕ್ಟರಮ್ಮ ತೊಡೆಸಂದಿಯ ನಾಳದೊಳಗೆ ತಂತಿ ತೂರಿಸಿ, ಕಟ್ಟಿದ ಕಡೆ ಸಣ್ಣ ಬಲೂನು ಉಬ್ಬಿಸಿ, ದಾರಿ ಬಿಡಿಸಿದರು. ಅಣ್ಣನ ಸಿಗರೇಟನ್ನೂ ಬಿಡಿಸಿದರು.

ಕೆಲವು ದಿನಗಳ ನಂತರ ಮತ್ತೆ ಅದೇ ತೆಳು ಬೆಳಕು, ಅದೇ ಬೆಚ್ಚನೆಯ ಜೆಲ್. ಅಣ್ಣ ಕಣ್ಣು ಮುಚ್ಚಿ, ಹೇಳಿಸಿಕೊಳ್ಳದೆಯೇ ಸುಮ್ಮನೆ ಮಲಗಿದ್ದ. ಪುಟ್ಟ ಪಟ್ಟಿ ಉಬ್ಬಿತು, ಮೆಲ್ಲಗೆ ಇಳಿಯಿತು.

"ಎಷ್ಟೇ?"

ನಂಬದೆ ಇನ್ನೊಮ್ಮೆ ಅಳೆದಳು. ಆಮೇಲೆ, ಹೊರಗಿನ ಬೆಂಚಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅರವತ್ತನಾಲ್ಕು!"