ಸರಳು ಕಡೆದು ನೋಡುತ್ತಿದ್ದ ಟರ್ನರ್

ಕಬ್ಬಿಣ ಕಡೆಯುವ ಸವೆದ ಲೇತ್ ಯಂತ್ರಕ್ಕೆ ಹೊಸ ಬಣ್ಣ ಬಳಿದು ಮಾರಿದವರಿಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಅನುಭವಿಸಿದವರು ಅದನ್ನು ನಂಬಿ ಮನೆಗೆ ತಂದುಕೊಂಡ ನನ್ನಂಥ ಹೊಸಬರು. ಬೂದಿಕೋಟೆಯ ನಮ್ಮ ಶೆಡ್ಡಿನಲ್ಲಿ ನಾನು ಕಡೆದುಕೊಟ್ಟ ಮೇವಿನ ಯಂತ್ರದ ಪಿನ್ನುಗಳು, ಒಂದು ತುದಿ ದಪ್ಪವೆಂದು ವಾಪಸ್ಸು ಬಂದವು. ತಂದವರು ಯಂತ್ರವನ್ನಲ್ಲ, ಹೆಣ್ಣಿನ ಕೈಯನ್ನು ದೂರಿದರು. ಅದೂ ಅನ್ಯಾಯವೇ.

ಎರಡನೆಯ ಯಂತ್ರ ಕೊಳ್ಳಲು ಹೊರಟಾಗ ಲೇತ್ ಕೆಲಸದಲ್ಲಿ ಪಳಗಿದ, ಆಂಡರ್ಸನ್‌ಪೇಟೆಯ ವೃದ್ಧ ಟರ್ನರ್ ಒಬ್ಬರು ಜೊತೆಗೆ ಬಂದರು. ಅವರ ಚೀಲದಲ್ಲಿ ಗೇಣುದ್ದದ ಕಬ್ಬಿಣದ ಸರಳು ಮತ್ತು ದಪ್ಪ ಅಳೆಯುವ ಕ್ಯಾಲಿಪರ್ ಇದ್ದವು. "ತಿರುಗೋದು ನೋಡ್ಬ್ಯಾಡ ಕಣಮ್ಮಾ, ಕಡೆಯೋದು ನೋಡು" ಎಂದು ಬಸ್ಸಿನಲ್ಲೇ ಮೂರು ಸಲ ಹೇಳಿದರು.

ಬಂಗಾರಪೇಟೆಯ ಗುಜರಿ ವ್ಯಾಪಾರಿ ಯಂತ್ರವನ್ನು ಬರಿದೇ ತಿರುಗಿಸಿ ತೋರಿಸಿದ. ಟರ್ನರ್ ಸರಳನ್ನು ಮುಂದೆ ಹಿಡಿದ ಕೂಡಲೇ ಸ್ವಿಚ್ ಆರಿಸಿ, ಕರೆಂಟು ಹೋಯಿತೆಂದ.

ಟರ್ನರ್ ತಲೆಯೆತ್ತಿ ನೋಡಿದರು. "ಈ ಫ್ಯಾನು ಗಾಳಿಗೆ ತಿರುಗ್ತಾ ಐತಾ ಸ್ವಾಮಿ?"

ವ್ಯಾಪಾರಿ ಮುಖ ಗಂಟಿಕ್ಕಿ ಸ್ವಿಚ್ ಹಾಕಿದ. ಸರಳನ್ನು ಕಡೆದ ಮೇಲೆ ಟರ್ನರ್ ಅದರ ಒಂದು ತುದಿಗೆ ಕ್ಯಾಲಿಪರ್ ಕೂಡಿಸಿ, ಅಲುಗಿಸದೆ ನನ್ನ ಕೈಗಿತ್ತರು. ಇನ್ನೊಂದು ತುದಿ ದಪ್ಪವಾಗಿತ್ತು, ಅದರ ಮೇಲೆ ಕ್ಯಾಲಿಪರ್ ಇಳಿಯಲಿಲ್ಲ.

"ಯಾಪಾರ ಕೆಡ್ಸೋಕ್ ಬಂದಿದ್ದೀಯಾ ತಾತಾ?" ಎಂದ ವ್ಯಾಪಾರಿ.

"ಮೊದ್ಲೇ ಸವೆದೋಗಿರೋದನ್ನ ನಾನೇನಪ್ಪಾ ಕೆಡ್ಸೋದು? ಈಯಮ್ಮ ಇದ್ರಲ್ಲೇ ಕೆಲ್ಸ ಕಲೀಬೇಕಲ್ಲ" ಎಂದರು ಟರ್ನರ್, ದನಿಯೇರಿಸದೆ.

ನಾವು ಯಂತ್ರವಿಲ್ಲದೆ ಮರಳಿದೆವು. ಹಳೆಯ ಯಂತ್ರ ಮಾರುವವರಲ್ಲಿ ನನ್ನ ಬೇಡಿಕೆ ಒಂದೇ: ಗಿರಾಕಿಯ ಎದುರಿನಲ್ಲೇ ಒಂದು ಸರಳನ್ನು ಕಡೆಯಿರಿ, ಅದರ ಎರಡೂ ತುದಿಗಳ ಅಳತೆಯನ್ನು ರಸೀದಿಯ ಮೇಲೆ ಬರೆಯಿರಿ, ಕೆಳಗೆ ನಿಮ್ಮ ಸಹಿ ಹಾಕಿ.