ಗಾಳಿಗೆ ಎದುರಾಗಿ ನಡೆದವರು

ಮೇ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ ಐವತ್ತೊಂದು ನಿಮಿಷ. ಸ್ಥಳ, ಕೆಂಗೇರಿ ಉಪನಗರದ ನನ್ನ ಮನೆಯ ಮೊದಲ ಮಹಡಿ. ಹಾಜರಿದ್ದವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ಹೊತ್ತಿನಲ್ಲಿ ನಾನು ಬೇರೆ ಕಡೆ ಇದ್ದೆ ಎಂದು ಆಣೆ ಇಟ್ಟು ಹೇಳುವವರು ಮೂವರಿದ್ದಾರೆ.

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಹವಾಮಾನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ವೀಕ್ಷಕಿಯಾಗಿದ್ದೆ. ಮೂರು ಗಂಟೆಗೊಮ್ಮೆ ಹೋಗಿ ಉಷ್ಣಾಂಶ, ಒತ್ತಡ, ಗಾಳಿಯ ದಿಕ್ಕು ನೋಡಿ ಬರೆಯಬೇಕು. ಐದು ನಿಮಿಷ ತಡವಾದರೂ ಆ ಹೊತ್ತಿನ ಗಾಳಿ ಹೋಗಿಬಿಟ್ಟಿರುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಯಾರಾದರೂ ನನ್ನೆದುರು ದೆವ್ವ ಕಂಡ ಕಥೆ ಹೇಳಿದರೆ, "ಎಷ್ಟು ಗಂಟೆಗೆ? ನೀವು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ?" ಎಂದು ಕೇಳುತ್ತಿದ್ದೆ. ಹೆಚ್ಚಿನವರು ಅಲ್ಲಿಗೇ ಮಾತು ಬದಲಿಸುತ್ತಿದ್ದರು. ನನ್ನ ನೆಂಟರಲ್ಲಿ ಇದಕ್ಕಾಗಿಯೇ ನನ್ನನ್ನು ಕರೆಯದವರೂ ಇದ್ದಾರೆ.

ನಿವೃತ್ತಳಾದ ಮೇಲೆ ಮನೆಯಲ್ಲೇ ಒಂದು ಒತ್ತಡಮಾಪಕ ಇಟ್ಟುಕೊಂಡಿದ್ದೇನೆ. ಅಂದು ಮೂರೂವರೆಯಿಂದ ಮುಳ್ಳು ಇಳಿಯತೊಡಗಿತು. ನೈಋತ್ಯದಲ್ಲಿ ಆಕಾಶ ತಾಮ್ರದ ಪಾತ್ರೆಗೆ ಕಿಲುಬು ಹಿಡಿದಂತೆ ಹಸಿರಾಗಿತ್ತು. ಆ ಬಣ್ಣವನ್ನು ನಾನು ಅದಕ್ಕೆ ಮೊದಲು ಬೆಂಗಳೂರಿನಲ್ಲಿ ನೋಡಿರಲಿಲ್ಲ. ಪುಸ್ತಕ ತೆಗೆದು ಎರಡು ನಿಮಿಷಕ್ಕೊಮ್ಮೆ ಬರೆಯಲು ಶುರು ಮಾಡಿದೆ. ಮೂರು ಐವತ್ತೆರಡಕ್ಕೆ ಮನೆಯ ದೂರವಾಣಿ ಹೊಡೆದುಕೊಂಡಿತು. ಮಾತಾಡಿದವರು ನಾಗರಾಜು, ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ. ಅವರ ತಂದೆ ಈ ನೆಲದಲ್ಲೇ ರಾಗಿ ಬೆಳೆದವರು. "ಮೇಡಂ, ಏನ್ ಇದು ಆಕಾಶ?" ಎಂದು ಕೇಳಿದರು. "ಕಿಟಕಿ ಹಾಕಿ, ಒಳಗಿನ ಕೋಣೇಲಿ ಕೂತ್ಕೊಳ್ಳಿ" ಎಂದು ಹೇಳಿ ಇಟ್ಟೆ. ಮೂರು ಐವತ್ತೇಳಕ್ಕೆ ಗಾಳಿ ಬಂತು. ಎಂಟು ನಿಮಿಷ. ಆ ಎಂಟು ನಿಮಿಷದ ಅಳತೆಗಳೂ ಪುಸ್ತಕದಲ್ಲಿವೆ, ಒಂದೂ ತಪ್ಪಿಲ್ಲ.

ನಾಲ್ಕು ಇಪ್ಪತ್ತಕ್ಕೆ ಬಡಾವಣೆಯ ನಕ್ಷೆ, ದಿಕ್ಸೂಚಿ, ಪೆನ್ಸಿಲ್ ಹಿಡಿದು ಕೆಳಗಿಳಿದೆ. ನಾಗರಾಜು ಗೇಟಿನ ಬಳಿ ನಿಂತಿದ್ದರು. ರಸ್ತೆಗೆ ರಸ್ತೆಯೇ ಕೊಂಬೆಗಳಿಂದ ತುಂಬಿಹೋಗಿತ್ತು. ಗಾಳಿ ಎಂಥದ್ದು ಎಂದು ತಿಳಿಯಬೇಕಾದರೆ ಜನರನ್ನು ಕೇಳಬಾರದು, ಬಿದ್ದ ಮರಗಳನ್ನು ಕೇಳಬೇಕು. ಮರದ ಬುಡದಲ್ಲಿ ನಿಂತು ತುದಿಯ ಕಡೆ ನೋಡಿ, ಆ ದಿಕ್ಕಿಗೆ ನಕ್ಷೆಯಲ್ಲಿ ಒಂದು ಬಾಣ ಹಾಕುವುದು. ಬಾಣಗಳೆಲ್ಲ ಒಂದೇ ಕಡೆ ನೋಡಿದರೆ ಅದು ಬರೀ ಬಿರುಗಾಳಿ. ಎರಡು ಪಕ್ಕದಿಂದಲೂ ನಡುವಿನ ಒಂದು ಗೆರೆಯ ಕಡೆಗೆ ಬಾಗಿದ್ದರೆ ಸುಂಟರಗಾಳಿ.

"ಬಿದ್ದ ಮರಕ್ಕೂ ಜಾತಕ ಬರೀತೀರಲ್ಲ ಮೇಡಂ" ಎಂದರು ನಾಗರಾಜು.

"ಬದುಕಿದ್ದಾಗ ನೀವು ಯಾರೂ ಬರೀಲಿಲ್ಲವಲ್ಲ. ಟೇಪ್ ಹಿಡ್ಕೊಳ್ಳಿ."

ಹನ್ನೆರಡನೆಯ ಬಾಣ ಹಾಕುವ ಹೊತ್ತಿಗೆ ಒಬ್ಬ ಹೆಂಗಸು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಯಲ್ಲವ್ವ. ವಿಜಯಪುರದ ಕಡೆಯವಳು. ಬಡಾವಣೆಯ ಕೊನೆಯಲ್ಲಿ ಕಟ್ಟಡ ಕೆಲಸದವರು ಹಾಕಿಕೊಂಡ ತಗಡಿನ ಶೆಡ್ಡುಗಳಲ್ಲಿ ಅತ್ತೆಯೊಂದಿಗೆ ಇದ್ದಳು. ಅವಳ ಮುಖದಲ್ಲಿ ನಗು ಇತ್ತು ಎಂಬುದು ನನಗೆ ಈಗಲೂ ನೆನಪಿದೆ.

"ಬಾಯಾರ, ನಿಮ್ಮ ಪುಣ್ಯಾ ದೊಡ್ಡದ್ರಿ. ನಮ್ಮತ್ತೀನ ನಿಮ್ಮ ಮನ್ಯಾಗ ಕುಂದರ್ಸೀರೇನ್ರಿ?"

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಗಾಳಿ ಬಂದಾಗ ಅವಳು ಎರಡು ರಸ್ತೆ ಆಚೆ ಕೆಲಸದಲ್ಲಿದ್ದಳು. ಶೆಡ್ಡಿಗೆ ಬಂದರೆ ತಗಡು ಒಂದೂ ಇಲ್ಲ, ಅತ್ತೆ ಗುರುಬಸವ್ವನೂ ಇಲ್ಲ. ಮೂಲೆಯ ಕಿರಾಣಿ ಅಂಗಡಿಯ ರಂಗಸ್ವಾಮಿ, "ಆ ಹವಾಮಾನದ ಅಮ್ಮ ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋದ್ರು ಕಣಮ್ಮ, ಗಾಳಿಗೆ ಮುಂಚೆ" ಎಂದು ಹೇಳಿದ್ದ.

"ನಾನಲ್ಲಮ್ಮ" ಎಂದೆ. "ಗಾಳಿ ನಿಲ್ಲೋವರೆಗೆ ನಾನು ಮನೆ ಬಿಟ್ಟೇ ಇರಲಿಲ್ಲ."

ಅವಳ ಕೈ ಸಡಿಲವಾಯಿತು. ಸೆರಗಿನ ಗಂಟಿನಿಂದ ಒಂದು ಸಣ್ಣ ನೀಲಿ ಡಬ್ಬಿ ತೆಗೆದು ತೋರಿಸಿದಳು. ಉಬ್ಬಸದವರು ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು. "ಇದು ಶೆಡ್ಡಿನ್ಯಾಗಽ ಬಿದ್ದಿತ್ರಿ. ಥಂಡಿ ಗಾಳಿ ತಾಕಿದ್ರ ಆಕಿಗೆ ಉಸರಽ ಸಿಗಂಗಿಲ್ಲ."

ಆಗ ನಾಲ್ಕು ನಲವತ್ತು. ನೈಋತ್ಯದಲ್ಲಿ ಇನ್ನೊಂದು ಮೋಡ ಏಳುತ್ತಿತ್ತು. ಬೆಳಕು ಹೆಚ್ಚೆಂದರೆ ಎರಡು ಗಂಟೆ.

ಆಗ ನಾನು ಮಾಡಿದ್ದನ್ನು ಹಾಗೇ ಬರೆಯುತ್ತೇನೆ. ಅಂಗಡಿಯವನನ್ನು ಕೇಳಲು ಹೋಗಲಿಲ್ಲ. ಅವನು ಹೇಳಿದ್ದು ತಪ್ಪೆಂದು ನನಗೆ ಗೊತ್ತಿತ್ತಲ್ಲ! ನಕ್ಷೆ ಬಿಡಿಸಿ ನೋಡಿದೆ. ಬಾಣಗಳು ಈಶಾನ್ಯದ ಕಡೆ ಓಡುತ್ತಿದ್ದವು. ವಯಸ್ಸಾದವರು ಗಾಳಿಗೆ ಸಿಕ್ಕರೆ ಬೆನ್ನು ಕೊಟ್ಟು, ಗಾಳಿ ತಳ್ಳಿದ ಕಡೆಗೇ ನಡೆಯುತ್ತಾರೆ. ಆದ್ದರಿಂದ ಈಶಾನ್ಯಕ್ಕೆ ಹುಡುಕಬೇಕು ಎಂದೆ. ನನ್ನ ಮಾತಿನಲ್ಲಿ ಅನುಮಾನವಿರಲಿಲ್ಲವಾದ್ದರಿಂದ ನಾಗರಾಜುವೂ ಯಲ್ಲವ್ವನೂ ಹಿಂದೆ ಬಂದರು.

ಆ ಕಡೆ ಒಂದು ಉದ್ದ ಕಾಂಪೌಂಡು ಗೋಡೆ ಪೂರ್ತಿ ಮಲಗಿತ್ತು. ಯಲ್ಲವ್ವ ಇಟ್ಟಿಗೆಗಳನ್ನು ಬರಿಗೈಯಲ್ಲಿ ಎತ್ತಿ ಎತ್ತಿ ಹಾಕಿದಳು. ನಾಗರಾಜು ಅಂಗಿ ತೋಳು ಮಡಚಿ ಅವಳ ಜೊತೆ ಸೇರಿದರು. ಪ್ರತಿ ಇಟ್ಟಿಗೆ ಎತ್ತುವಾಗಲೂ ಅವಳು ಕಣ್ಣು ಮುಚ್ಚುತ್ತಿದ್ದಳು. ಹತ್ತಾರು ಗಜ ಗೋಡೆ, ಒಂದು ಆಟೊ, ಎರಡು ನೀರಿನ ಟ್ಯಾಂಕು, ಶೆಡ್ಡಿನ ತಗಡುಗಳು ಸಿಕ್ಕವು. ಗುರುಬಸವ್ವ ಸಿಗಲಿಲ್ಲ. ಐದು ಮೂವತ್ತೈದಾಗಿತ್ತು. ಗುಡುಗು ಶುರುವಾಯಿತು.

"ಎಲ್ಲಿ ಬಿಟ್ರಿ ಅಂತ ಖರೆ ಹೇಳ್ರಿ" ಎಂದಳು ಯಲ್ಲವ್ವ. ಈ ಸಲ ಕೈ ಹಿಡಿಯಲಿಲ್ಲ. "ನಾ ಬೈಯಂಗಿಲ್ಲ. ಗಾಳಿಗೆ ಕೈ ತಪ್ಪಿದ್ರ ತಪ್ಪೈತಂತ ಹೇಳ್ರಿ. ಸುಳ್ಳ್ಯಾಕ ಹೇಳ್ತೀರಿ?"

ನಾಗರಾಜು ನಡುವೆ ಬಂದರು. "ಅಯ್ಯೋ ಇಲ್ಲಮ್ಮ, ಆಗ ನನ್ ಜೊತೆ ಫೋನಲ್ಲಿ ಮಾತಾಡ್ತಿದ್ರು ಇವ್ರು." ಅವಳು ಅವರ ಮುಖವನ್ನೂ ನಂಬದವಳಂತೆ ನೋಡಿದಳು.

ನಾವು ರಂಗಸ್ವಾಮಿಯ ಅಂಗಡಿಯ ಕಡೆಗೆ ಹಿಂತಿರುಗಿದೆವು. ಊಟ ತಲುಪಿಸುವ ಒಬ್ಬ ತರುಣ ಅಂಗಡಿಯ ಮೆಟ್ಟಿಲ ಮೇಲೆ ಒದ್ದೆ ಶೂ ಕಳಚಿಟ್ಟು ಕೂತಿದ್ದ. ಅವನ ಬೈಕಿನ ಮೇಲೆ ಕೊಂಬೆ ಬಿದ್ದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತ.

"ಆಂಟಿ, ಆ ಅಜ್ಜೀನ ಮನೆ ಸೇರಿಸಿದ್ರಾ? ನಾನು ಕೂಗ್ದೆ ಕೂಗ್ದೆ, ನೀವು ನಿಲ್ಲಲೇ ಇಲ್ಲ."

"ಏನಂತ ಕೂಗಿದೆ?"

"ಆ ಕಡೆ ಹೋಗ್ಬೇಡಿ, ಗಾಳಿ ಎದುರುಗಡೆಯಿಂದ ಬರ್ತಾ ಇದೆ ಅಂತ. ನೀವು ತಿರುಗಿ, 'ಟೈಮ್ ಇಲ್ಲಪ್ಪ' ಅಂದ್ರಿ. ಮರ್ತೋಯ್ತಾ?"

ಎಷ್ಟು ಗಂಟೆಗೆ ಎಂದು ಕೇಳಿದೆ. ಬಾಯಿಂದ ತಾನಾಗಿ ಬಂತು. ಅವನು ಫೋನು ತೆಗೆದು, ಗಾಳಿ ಬರುತ್ತಿದೆ, ತಡವಾಗುತ್ತದೆ ಎಂದು ಗಿರಾಕಿಗೆ ಕಳಿಸಿದ ಸಂದೇಶ ತೋರಿಸಿದ. ಮೂರು ಐವತ್ತೊಂದು. ಅದನ್ನು ಕಳಿಸಿ ತಲೆ ಎತ್ತಿದಾಗ ನಾನೂ ಆ ಅಜ್ಜಿಯೂ ಅವನೆದುರೇ ಹಾದುಹೋದೆವಂತೆ. ಒಳಗಿಂದ ರಂಗಸ್ವಾಮಿ, "ಹೌದಮ್ಮ, ನಾನೂ ನೋಡಿದೆ. ಶಟರ್ ಎಳೀತಾ ಇದ್ದೆ. ಇದೇ ಸೀರೆ" ಎಂದ. ಹದಿನಾರು ವರ್ಷದಿಂದ ನನಗೆ ಅಕ್ಕಿ ಬೇಳೆ ಕೊಡುತ್ತಿರುವವನು. ಬೇರೆ ಯಾರನ್ನೋ ನಾನೆಂದು ಭಾವಿಸುವವನಲ್ಲ.

ಮೊದಲ ಮಳೆಹನಿ ನಕ್ಷೆಯ ಮೇಲೆ ಬಿತ್ತು. ಯಲ್ಲವ್ವ ಆ ನೀಲಿ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನನಗೆ ಎರಡೇ ದಾರಿ ಇದ್ದವು. ನನ್ನ ಪುಸ್ತಕ ಸರಿ ಎಂದು ವಾದಿಸುತ್ತ ನಿಲ್ಲಬೇಕು, ಇಲ್ಲವೇ ಕೇಳಬಾರದ ಒಂದು ಪ್ರಶ್ನೆ ಕೇಳಬೇಕು. ಕೇಳಿದೆ.

"ನಾನು ಅವರನ್ನ ಯಾವ ಕಡೆ ಕರ್ಕೊಂಡು ಹೋದೆ?"

ತರುಣ ನಗಲು ಹೋಗಿ ನಿಲ್ಲಿಸಿದ. ಕೈ ಎತ್ತಿ ತೋರಿಸಿದ. ದಿಕ್ಸೂಚಿ ಬೇಕಿರಲಿಲ್ಲ. ನೈಋತ್ಯ, ಗಾಳಿ ಬಂದ ಕಡೆಗೇ, ರೈಲು ಹಳಿಯ ಪಕ್ಕದ ಖಾಲಿ ಸೈಟುಗಳತ್ತ. ಬುದ್ಧಿ ಇದ್ದವರು ಯಾರೂ ಒಬ್ಬ ಮುದುಕಿಯನ್ನು ಕರೆದುಕೊಂಡು ಆ ಹೊತ್ತಿನಲ್ಲಿ ಆ ಕಡೆ ಹೋಗುವುದಿಲ್ಲ.

ನಾವು ಹೋದೆವು. ಯಲ್ಲವ್ವ ಮುಂದೆ ಓಡಿದಳು. ದಾರಿಯುದ್ದಕ್ಕೂ ವಿದ್ಯುತ್ ಕಂಬಗಳು ಬಾಗಿದ್ದವು, ಬೇವಿನ ಮರಗಳು ಬೇರುಸಹಿತ ಎದ್ದಿದ್ದವು. ಅವುಗಳ ಆಚೆ ಯಾರೋ ಅರ್ಧಕ್ಕೆ ನಿಲ್ಲಿಸಿದ ಮನೆಯೊಂದು ಇತ್ತು. ಬಾಗಿಲಿಲ್ಲ, ಕಿಟಕಿಯಿಲ್ಲ, ಮೋಲ್ಡಿಂಗ್ ಆದ ಮೆಟ್ಟಿಲು ಮಾತ್ರ. ಆ ಮೆಟ್ಟಿಲ ಅಡಿಯಲ್ಲಿ, ಖಾಲಿ ಸಿಮೆಂಟು ಚೀಲ ಹೊದ್ದುಕೊಂಡು, ಮಂಡಿಗೆ ಗಲ್ಲ ಊರಿ ಗುರುಬಸವ್ವ ಕೂತಿದ್ದರು. ಎದೆಯೊಳಗಿನ ಸಿಳ್ಳು ಹೊರಗಿನಿಂದಲೇ ಕೇಳುತ್ತಿತ್ತು. ತುಟಿ ನೀಲಿಯಾಗಿತ್ತು. ಯಲ್ಲವ್ವ ಪಂಪು ಬಾಯಿಗಿಟ್ಟು ಒತ್ತಿದಳು. ಒಮ್ಮೆ, ಮತ್ತೊಮ್ಮೆ. ಸ್ವಲ್ಪ ಹೊತ್ತಿಗೆ ಸಿಳ್ಳು ತಗ್ಗಿತು. ಯಲ್ಲವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಮುದುಕಿ ಸೊಸೆಯ ತಲೆ ಸವರಿ, ಅವಳನ್ನು ದಾಟಿ ನನ್ನ ಕಡೆ ನೋಡಿದರು.

"ಐದು ನಿಮಿಷಕ್ಕ ಬರ್ತೀನಿ ಅಂತ ಹೇಳಿ ಹೋದ್ಯಲ್ಲವ್ವಾ. ಎಷ್ಟೊತ್ತು ಮಾಡಿದಿ!"

ಮೂವತ್ತನಾಲ್ಕು ವರ್ಷದಲ್ಲಿ ನನಗೆ ಆ ಮಾತು ಯಾರೂ ಹೇಳಿರಲಿಲ್ಲ. "ತಡವಾಯ್ತು ಅಮ್ಮ, ತಪ್ಪಾಯ್ತು" ಎಂದೆ. ಆಮೇಲೆ, ನಾಗರಾಜು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿದ್ದೂ, "ಎಲ್ಲಿಗೆ ಹೋಗ್ತೀನಿ ಅಂದಿದ್ದೆ?" ಎಂದು ಕೇಳಿದೆ.

ಮುದುಕಿ ನನ್ನ ಕೈ ಹಿಡಿದುಕೊಂಡರು. "ಬರಕೊಂಡು ಬರ್ತೀನಿ ಅಂದಿ. ಇದರಡಿ ಬಿಟ್ಟು ಕದಲಬ್ಯಾಡ ಅಂದಿ. ನಿನ್ನ ಕೈ ಎಷ್ಟು ತಣ್ಣಗಿತ್ತವ್ವಾ, ಈಗ ನೋಡು, ಬೆಚ್ಚಗಾಗೇದ."

ಅವರನ್ನು ನಾಗರಾಜುವಿನ ಕಾರಿನಲ್ಲಿ ವೈದ್ಯರಿಗೆ ತೋರಿಸಿ, ಸಂಘದ ಕೋಣೆಯಲ್ಲಿ ಮಲಗಿಸಿದಾಗ ಆರೂ ಮುಕ್ಕಾಲು. ಯಲ್ಲವ್ವ ನನ್ನ ಕಾಲಿಗೆ ಬೀಳಲು ಬಂದಳು. ಹಿಂದೆ ಸರಿದೆ. ಅದು ನನಗೆ ಸಲ್ಲುವ ನಮಸ್ಕಾರವಾಗಿರಲಿಲ್ಲ. ಹೊರಗೆ ಬಂದಾಗ ನಾಗರಾಜು ಬಹಳ ಹೊತ್ತಿನಿಂದ ತಡೆದಿದ್ದ ಮಾತನ್ನು ಕೇಳಿಯೇಬಿಟ್ಟರು.

"ಮೇಡಂ, ಆ ಹೊತ್ತಲ್ಲಿ ಫೋನಲ್ಲಿ ಮಾತಾಡಿದ್ದು ನೀವೇ ತಾನೆ?"

"ಇನ್ಯಾರು?"

"ಅದನ್ನೇ ಕೇಳ್ತಿರೋದು" ಎಂದರು. ತಮಾಷೆಗೆ ಹೇಳಿದಂತೆ ಕಾಣಲಿಲ್ಲ.

ಆಮೇಲೆ ನಾನು ಸುಮ್ಮನೆ ಕೂತಿಲ್ಲ. ನನ್ನ ವಯಸ್ಸಿನ, ನನ್ನ ಎತ್ತರದ, ನನ್ನಂತೆ ಬೂದುಬಣ್ಣದ ಸೀರೆ ಉಡುವ ಹೆಂಗಸು ಯಾರಾದರೂ ಇದ್ದಾರೆಯೇ ಎಂದು ಉಪನಗರದಿಂದ ಹಳೇ ಕೆಂಗೇರಿಯವರೆಗೆ ತಿಂಗಳುಗಟ್ಟಲೆ ವಿಚಾರಿಸಿದೆ. ಸಿಗಲಿಲ್ಲ. ನನ್ನ ಗಡಿಯಾರವನ್ನೂ ಆ ತರುಣನ ಫೋನನ್ನೂ ಹೋಲಿಸಿ ನೋಡಿದೆ, ಅರ್ಧ ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಮೂವರೂ ಒಟ್ಟಿಗೆ ಭ್ರಮೆಗೊಂಡರು ಎನ್ನಬಹುದು. ಆದರೆ ಭ್ರಮೆ ಯಾರನ್ನೂ ಕೈ ಹಿಡಿದು ಸುರಕ್ಷಿತ ಜಾಗಕ್ಕೆ ಮುಟ್ಟಿಸುವುದಿಲ್ಲ. ನಾನು ಹೋಗಿದ್ದೆ ಎನ್ನಲು ನನ್ನ ಪುಸ್ತಕ ಬಿಡುವುದಿಲ್ಲ.

ಅಂದು ಸಂಜೆ ಏಳೂಕಾಲಿಗೆ ಮನೆಗೆ ಬಂದು, ಬ್ಯಾಟರಿ ದೀಪದ ಬೆಳಕಿನಲ್ಲಿ ನಕ್ಷೆ ಹರವಿ ಕೂತೆ. ನೈಋತ್ಯಕ್ಕೆ ಓಡುವಾಗಲೂ, ವಾಪಸು ಬರುವಾಗಲೂ ಕಂಡ ಮರಗಳನ್ನು ಲೆಕ್ಕವಿಟ್ಟುಕೊಂಡಿದ್ದೆ. ಅದು ಕೈಗೆ ಹತ್ತಿದ ಚಾಳಿ. ಒಂದೊಂದಾಗಿ ಬಾಣ ಎಳೆದೆ. ಎರಡು ಪಕ್ಕದ ಬಾಣಗಳೂ ನಡುವಿನ ಗೆರೆಯತ್ತ ಬಾಗಿದವು. ಸುಂಟರಗಾಳಿಯೇ. ಅದು ಹಳಿಯ ಕಡೆಯಿಂದ ಬಂದು ಒಂದು ಕಡೆ ಎರಡಾಗಿ ಒಡೆದು, ಮತ್ತೆ ಕೂಡಿ, ಶೆಡ್ಡುಗಳ ಮೇಲೆ, ಆ ಕಾಂಪೌಂಡು ಗೋಡೆಯ ಮೇಲೆ ಹಾದುಹೋಗಿತ್ತು. ಒಡೆದ ಜಾಗದಲ್ಲಿ ಒಂದು ಸೈಟಿನಷ್ಟು ಅಗಲ ಕಾಗದ ಖಾಲಿ ಉಳಿಯಿತು. ಆ ಅರ್ಧ ಕಟ್ಟಿದ ಮನೆ ಇದ್ದದ್ದು ಅಲ್ಲೇ. ಶೆಡ್ಡಿನಿಂದ ನಡೆದು ಮುಟ್ಟಬಹುದಾದ ದೂರದಲ್ಲಿ ಗಾಳಿ ತಾಕದ ಸೂರು ಅದೊಂದೇ. ಮುಗಿದ ನಕ್ಷೆ ಕೈಯಲ್ಲಿದ್ದರೆ ನಾನೂ ಗುರುಬಸವ್ವನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ, ಗಾಳಿ ಎದುರಿಗಿದ್ದರೂ ಸರಿ.

ಪೆನ್ಸಿಲ್ ಚೂಪು ಮಾಡಿ ಆ ಖಾಲಿ ಜಾಗದ ನಡುವೆ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ "ಇಲ್ಲಿ ಹಾನಿ ಇಲ್ಲ" ಎಂದು ಬರೆದೆ. ಎಂಟು ಗಂಟೆ ಹತ್ತು ನಿಮಿಷಕ್ಕೆ ನಕ್ಷೆ ಮುಗಿಯಿತು.