ಸೀರೆ ಅಂಗಡಿಯವರ ಪಿಸ್ತೂಲು

ಸುಲ್ತಾನ್ ಬಜಾರಿನಲ್ಲಿ ನಮ್ಮ ಅಂಗಡಿಯ ಎದುರಿನ ಸೀರೆ ಅಂಗಡಿಯವರು ಬೀದರ ಕಡೆಯವರು. ಸೊಂಟದಲ್ಲಿ ಸದಾ ಲೈಸೆನ್ಸಿನ ದೊಡ್ಡ ಪಿಸ್ತೂಲು. ಅದರ ಭಾರಕ್ಕೆ ಪ್ಯಾಂಟು ಜಾರುತ್ತಿದ್ದುದರಿಂದ ಸೀರೆ ಬಿಚ್ಚಿ ತೋರಿಸುವಾಗಲೂ ಒಂದು ಕೈ ಬೆಲ್ಟಿನ ಮೇಲೇ ಇರುತ್ತಿತ್ತು. ಗಿರಾಕಿಗಳು ಅದನ್ನು ಬೇರೆಯೇ ಅರ್ಥದಲ್ಲಿ ತಿಳಿದು ಚೌಕಾಸಿ ಬಿಡುತ್ತಿದ್ದರು.

"ಒಂದ್ ಗುಂಡು ಹಾರಿದ್ರ ಇನ್ನೊಂದು ತಾನ ಏರಿ ಕೂಡ್ತದ. ಇದರ ಸಿಟ್ಟು ನಿಮಗ ಗೊತ್ತಿಲ್ರಿ," ಎನ್ನುತ್ತಿದ್ದರು ಅಂಗಡಿಯವರು. ಆ ಸಿಟ್ಟನ್ನು ನಾವ್ಯಾರೂ ಕಂಡಿರಲಿಲ್ಲ.

ಖಂಡೇನವಮಿಯ ದಿನ ಮಾತ್ರ ಅದು ಗುಂಡು ತುಂಬುವ ಮ್ಯಾಗಜಿನ್ ಕಳಚಿಕೊಂಡು, ಕತ್ತರಿ, ಗಜಕೋಲಿನ ಪಕ್ಕ ತಟ್ಟೆಯಲ್ಲಿ ಮಲಗಿ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು. ಬಜಾರಿನವರೆಲ್ಲ ಅದರ ಮೇಲೆ ಅಕ್ಷತೆ ಹಾಕಿ ಕೈಮುಗಿಯುತ್ತಿದ್ದೆವು.

ಒಂದು ವರ್ಷ ಹಬ್ಬದ ಬೆನ್ನಿಗೇ ಚುನಾವಣೆ ಬಂತು. ಲೈಸೆನ್ಸಿನ ಆಯುಧಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕಿತ್ತು. ಅವರ ಜೊತೆಗೆ ನಾನೂ ಹೋದೆ.

"ಸಂಭಾಲ್‌ಕೇ ಸಾಬ್, ಇಸ್ಕಾ ಗುಸ್ಸಾ ಆಪ್‌ಕೋ ಮಾಲೂಮ್ ನೈ," ಎಂದು ಪೊಲೀಸಪ್ಪನಿಗೂ ಅದೇ ಮಾತು ಹೇಳಿದರು.

ಆತ ಹುಷಾರಾಗಿ ಮ್ಯಾಗಜಿನ್ ತೆಗೆದು, ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದ. ಅದು ಕರಕರ ಎಂದು ಅರ್ಧಕ್ಕೇ ನಿಂತಿತು. ಜಗ್ಗಾಡಿ ಕೊಡವಿದಾಗ ಮೇಜಿನ ತುಂಬ ಹಳದಿ ಅಕ್ಷತೆ ಉದುರಿತು. ಠಾಣೆಗೆ ಠಾಣೆಯೇ ನಕ್ಕಿತು.

ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದುಕೊಂಡು, "ಬಜಾರದಾಗ ಹೇಳಬ್ಯಾಡ್ರಿ," ಎಂದರು.

ಮರುದಿನ ಸೊಂಟ ಖಾಲಿ. ಪ್ಯಾಂಟು ಜಾರುವ ಭಯವೂ ಇರಲಿಲ್ಲ. ಆದರೂ ಒಂದು ಕೈ ಬೆಲ್ಟಿನ ಮೇಲೇ ಇತ್ತು. ಚೌಕಾಸಿಗೆಂದು ಬಾಯಿ ತೆರೆದ ಗಿರಾಕಿ ಆ ಕೈಯನ್ನೊಮ್ಮೆ ನೋಡಿ, ಹೇಳಿದಷ್ಟು ಕೊಟ್ಟು ಹೋದ.